ಮದುಮಗಳ ಕಾರಿಗೆ ಅಗಲ ಚಕ್ರ

ಸುಲಭವಾಗಿ ಮೋಸ ಹೋಗುವವರ ಪೈಕಿ ನಾನಲ್ಲ. ಪುಂಜಾಲಕಟ್ಟೆಯಲ್ಲಿ ಹೋಟೆಲು ನಡೆಸುವವನಿಗೆ ಹಾಲಿನವನ ಮೇಲೆ ಅನುಮಾನ, ತೆಂಗಿನಕಾಯಿಯವನ ಮೇಲೆ ಅನುಮಾನ, ತಿಂದು ಕೈ ತೊಳೆಯಲು ಹೋಗಿ ತಡಮಾಡುವ ಗಿರಾಕಿಯ ಮೇಲಂತೂ ವಿಶೇಷ ಅನುಮಾನ. ಹೀಗಿರುವಾಗ ತಂಗಿಯ ಮಗಳು ಪ್ರಜ್ಞಾಳಿಗೆ ಮದುವೆ ನಿಶ್ಚಯವಾಯಿತು. ಮದುಮಗಳನ್ನು ಪಾಣೆಮಂಗಳೂರಿನ ಮನೆಯಿಂದ ಮೂಡುಬಿದಿರೆಯ ಹಾಲ್‌ಗೆ ಕರೆದೊಯ್ಯುವ ಗೌರವ ಸೋದರಮಾವನಾದ ನನ್ನದು. ನನ್ನ ಕಾರಿನಲ್ಲಿಯೇ!

ಕಾರಿಗೆ ಹದಿನೈದು ತುಂಬುವುದರಲ್ಲಿತ್ತು. ಮದುವೆಗೆ ಮೊದಲೇ ಆರ್‌ಟಿಒ ತಪಾಸಣೆಯಲ್ಲಿ ಪಾಸಾಗಬೇಕಿತ್ತು. ಮುದುಕನಿಗೆ ಮದುವೆಗೆ ಹೊಸ ಬಟ್ಟೆ ಹೊಲಿಸಿದ ಹಾಗೆ, ಅದಕ್ಕೆ ಅಗಲವಾದ ಹೊಳೆಯುವ ಚಕ್ರ, ಚಕ್ರದ ನಡುವೆ ಇಣುಕುವ ದೊಡ್ಡ ಕೆಂಪು ಬ್ರೇಕು ಹಾಕಿಸುವುದೆಂದು ತೀರ್ಮಾನಿಸಿದೆ.

ಪಕ್ಕದ ಮನೆಯ ವಿಠಲ ಇದನ್ನು ಕೇಳಿ ಬೇಲಿಯ ಬಳಿಗೆ ಬಂದ. ದುಬೈಯಲ್ಲಿ ಟ್ಯಾಕ್ಸಿ ಓಡಿಸಿ ಊರಿಗೆ ಮರಳಿ, ಈಗ ಹೊಸ ಬಿಳಿ ಕಾರು ಇಟ್ಟುಕೊಂಡವನು.

"ಅಣ್ಣಾ, ಕಂಪನಿ ಹೇಳಿದ ಸೈಜು ಬಿಟ್ಟು ಚಕ್ರ ಹಾಕಿದ್ರೆ ಪಾಸಾಗುದಿಲ್ಲ. ಬ್ರೇಕಿಗಂತೂ ಮೊದಲೇ ಒಪ್ಪಿಗೆ ಬೇಕು, ಪರೀಕ್ಷೆ ಮಾಡಿದ ಸರ್ಟಿಫಿಕೇಟು ಬೇಕು. ನಾಳೆ ಏನಾದ್ರೂ ಆದ್ರೆ ಇನ್ಶೂರೆನ್ಸಿನವರೂ ಕೈ ಎತ್ತುತ್ತಾರೆ."

ಓಹೋ! ಇವನಿಗೇಕೆ ಇಷ್ಟು ಕಾಳಜಿ? ನನ್ನ ಕಾರು ಕೊಟ್ಟಿಗೆಯಲ್ಲಿ ಉಳಿದರೆ ಮದುಮಗಳು ಯಾರ ಕಾರು ಹತ್ತುತ್ತಾಳೆ? ಬಿಳಿ ಕಾರು! ಹುನ್ನಾರ ಅರ್ಥವಾಯಿತು.

ಬೋರ್ಡು ಕೂಡ ಇಲ್ಲದ ಒಂದು ಗ್ಯಾರೇಜಿಗೆ ಹೋದೆ. "ಎಂತ ಆಗುದಿಲ್ಲ ಮಾರಾಯ್ರೆ, ಹಾಕುವ" ಎಂದ ಅಲ್ಲಿನ ಮೆಕ್ಯಾನಿಕ್. ಜಗತ್ತನ್ನೆಲ್ಲ ಅನುಮಾನಿಸುವ ನಾನು ಅವನೊಬ್ಬನನ್ನು ನಂಬಿದೆ. ಏಕೆಂದರೆ ನಾನು ಹೇಳಿದ್ದಕ್ಕೆಲ್ಲ ಅವನು ತಲೆಯಾಡಿಸಿದ.

ಹಾಗೆಂದು ಪೂರ್ತಿ ನಂಬಲಿಲ್ಲ. ಹಳೆಯ ಚಕ್ರ, ಬ್ರೇಕುಗಳನ್ನು ಮನೆಗೆ ತಂದೆ. ವಿಠಲನ ಕಣ್ಣಿಗೆ ಬೀಳಬಾರದೆಂದು ಸೌದೆ ಕೊಟ್ಟಿಗೆಯಲ್ಲಿಟ್ಟು, ಮೇಲೆ ಬೂದಿ ಎರಚಿ, ಹರಿದ ಗೋಣಿ, ಒಡೆದ ಕೊಡ, ಮುರಿದ ಕುರ್ಚಿ ಹೇರಿದೆ. ಸಾಕ್ಷಾತ್ ಕಸ! ನನ್ನ ಹೆಂಡತಿ ಸುಗುಣಾಳಿಗೂ ಹೇಳಲಿಲ್ಲ. ಅವಳು ತವರಿಗೆ ಹೇಳಿದರೆ ತವರಿನವರು ಊರಿಗೆ ಹೇಳುತ್ತಾರೆಂಬ ಅನುಮಾನ.

ಬಂಟ್ವಾಳದಲ್ಲಿ ಇನ್ಸ್‌ಪೆಕ್ಟರು ಸ್ಟೇರಿಂಗ್ ಪೂರ್ತಿ ತಿರುಗಿಸಲು ಹೇಳಿದರು. ಟಯರು ಮಡ್‌ಗಾರ್ಡಿಗೆ ಉಜ್ಜಿ ಕರ್ರ್ ಎಂದಿತು. ಅವರು ಬಗ್ಗಿ ಬ್ರೇಕು ನೋಡಿದರು.

"ಇದರ ಸರ್ಟಿಫಿಕೇಟು?"

"ಸಾರ್, ಚಂದ ಉಂಟಲ್ಲ?"

"ಚಂದಕ್ಕೆ ನಾನು ಸಹಿ ಹಾಕುದಿಲ್ಲ. ಹಳೆಯದನ್ನೇ ಹಾಕಿ ತನ್ನಿ."

ಇವರು ಬೇರೇನೋ ನಿರೀಕ್ಷಿಸುತ್ತಿದ್ದಾರೆಂದು ಗುಮಾನಿಯಾಗಿ ನಮ್ಮ ಹೋಟೆಲಿನ ಬಿಸಿ ಬನ್ಸ್ ಪೊಟ್ಟಣವನ್ನು ಮೆಲ್ಲನೆ ಮುಂದೆ ಸರಿಸಿದೆ. ಅವರು ಗೇಟು ತೋರಿಸಿದರು. ದಾರಿಯಲ್ಲಿ ಬನ್ಸನ್ನು ನಾನೇ ತಿಂದೆ.

ಮನೆಗೆ ಬಂದು ಸೌದೆ ಕೊಟ್ಟಿಗೆ ನೋಡಿದರೆ ಗೋಣಿಯಿಲ್ಲ, ಕೊಡವಿಲ್ಲ, ಚಕ್ರವೂ ಇಲ್ಲ! ಆ ಮಾಡೆಲು ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಬಿಡಿಭಾಗ ಹುಡುಕಿ ತರುವಷ್ಟರಲ್ಲಿ ಪ್ರಜ್ಞಾಳ ಸೀಮಂತವೇ ಬಂದೀತು. ನೇರ ವಿಠಲನ ಅಂಗಳಕ್ಕೆ ನುಗ್ಗಿದೆ.

"ನೀನೇ ತೆಗೆದದ್ದು! ಅಲ್ಲದಿದ್ದರೆ ಧರ್ಮಸ್ಥಳಕ್ಕೆ ಬಂದು ಆಣೆ ಮಾಡು!"

ನಮ್ಮ ಕಡೆ ಈ ಮಾತು ಬಂದ ಮೇಲೆ ಬೇರೆ ಮಾತಿಲ್ಲ. ವಿಠಲನ ಮುಖ ಸಣ್ಣದಾಯಿತು. "ಹೋಗುವ" ಎಂದ. ತಪಾಸಣೆಯಲ್ಲಿ ಫೇಲಾದ ನನ್ನ ಕಾರು ರಸ್ತೆಗಿಳಿಯುವಂತಿರಲಿಲ್ಲ. ಆದ್ದರಿಂದ ಆರೋಪಿಯ ಕಾರಿನಲ್ಲೇ ಹೊರಟೆವು. ದೇವರ ದರ್ಶನವೆಂದುಕೊಂಡು ಸುಗುಣಾ ಒಳ್ಳೆಯ ಸೀರೆಯುಟ್ಟು ಹಿಂದೆ ಕೂತಳು.

ಬೆಳ್ತಂಗಡಿ ದಾಟುವಾಗ ಕೇಳಿದಳು, "ಇವತ್ತು ಎಂತ ವಿಶೇಷ?"

"ನಾನು ಆಣೆ ಮಾಡ್ಲಿಕ್ಕೆ ಹೋಗುದು ಅಕ್ಕ" ಎಂದ ವಿಠಲ. "ಸೌದೆ ಕೊಟ್ಟಿಗೆಯಲ್ಲಿದ್ದ ಅಣ್ಣನ ಚಕ್ರ ಕದ್ದಿಲ್ಲ ಅಂತ."

ಸುಗುಣಾ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದಳು.

"ಮಾರಾಯ್ರೆ... ಅದು ಕಸ ಅಲ್ವಾ? ಮದುವೆಗೆ ನೆಂಟರು ಬರ್ತಾರೆ ಅಂತ ಗುಜರಿಯವನಿಗೆ ಕೊಟ್ಟೆ. ಬದಲಿಗೆ ಅವ ಕೆಂಪು ಬೇಸಿನ್ ಕೊಟ್ಟ. ದೊಡ್ಡದು ಉಂಟು."

"ಎಲ್ಲಾ ಕೊಟ್ಟೆಯಾ?"

"ಅವ ಲಾರಿಗೆ ಹೇರಿ ಕಳಿಸಿಯೂ ಆಯ್ತು. ನನಗೆ ಒಂದು ಮಾತು ಹೇಳ್ಬಾರದಿತ್ತಾ?"

ಕಾರಿನ ನೆಲ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಆದರೆ ಅದು ಕಂಪನಿಯ ನೆಲ, ಗಟ್ಟಿಯಾಗಿತ್ತು. ನಾಚಿಕೆಯಿಂದ ವಿಠಲನ ಕಡೆ ತಿರುಗಲೂ ಆಗಲಿಲ್ಲ. ಅವನೇ ಹೇಳಿದ, "ಇಷ್ಟು ದೂರ ಬಂದಾಯ್ತು. ಕೈ ಮುಗಿದು, ಊಟ ಮಾಡಿ ಹೋಗುವ."

ಮದುವೆಯ ಬೆಳಿಗ್ಗೆ ಪಾಣೆಮಂಗಳೂರಿನ ಅಂಗಳದಲ್ಲಿ ಬಿಳಿ ಕಾರು ನಿಂತಿತ್ತು. ಪ್ರಜ್ಞಾ ಹತ್ತುವ ಮೊದಲು ನನ್ನ ದರಿದ್ರ ಅಭ್ಯಾಸ ಕೆಣಕಿತು. ಬಗ್ಗಿ ಟಯರಿನ ಸೈಜು ಓದತೊಡಗಿದೆ.

"ಕಂಪನಿಯದ್ದೇ ಅಣ್ಣಾ" ಎಂದ ವಿಠಲ, ಬಾಗಿಲು ಹಿಡಿದುಕೊಂಡು. "ಬೇಕಾದ್ರೆ ಆಣೆ ಮಾಡ್ತೇನೆ!"

ಮದುಮಗಳು ಮೇಕಪ್ಪು ಹಾಳಾಗುವಷ್ಟು ನಕ್ಕಳು. ನಾನು ತೆಪ್ಪಗೆ ಮುಂದಿನ ಸೀಟಿನಲ್ಲಿ ಕೂತೆ. ಸುಗುಣಾ ಕಿಟಕಿಯಿಂದ ಮಲ್ಲಿಗೆ ತುಂಬಿದ ಕೆಂಪು ಬೇಸಿನ್ನನ್ನು ನನ್ನ ತೊಡೆಯ ಮೇಲಿಟ್ಟು, "ಗಟ್ಟಿ ಹಿಡ್ಕೊಳ್ಳಿ" ಎಂದಳು.

ಹಿಡಿದುಕೊಂಡೆ. ಅಂತೂ ನನ್ನ ಕಾರಿನ ನಾಲ್ಕು ಚಕ್ರವೂ ಮದುವೆಗೆ ಬಂದ ಹಾಗಾಯಿತು!