ಅವಿರೋಧವಾಗಿ ಆಯ್ಕೆಯಾದ ಮಾಮು

ನಮ್ಮ ಮಾಮು, ಎಂದರೆ ಅಮ್ಮನ ಅಣ್ಣ, ಚನ್ನಗಿರಿಯಲ್ಲಿ ಟೈಲರ್. ಅವರು ಒಪ್ಪಿಕೊಂಡ ಅಧಿಕಾರ ಈ ಭೂಮಿಯ ಮೇಲೆ ಒಂದೂ ಇಲ್ಲ. ಬಸವಾಪಟ್ಟಣದ ಬಸ್ಸಿನಲ್ಲಿ ಕಂಡಕ್ಟರ್ "ಹಿಂದಕ್ಕೆ ಸರೀರಿ" ಎಂದರೂ ಸಾಕು, "ನನ್ನ ಸರಿಸಾಕೆ ನಿಮಗೆ ಅಧಿಕಾರ ಕೊಟ್ಟೋರು ಯಾರ್ರೀ?" ಎಂದು ಕೇಳಿ ಬಾಗಿಲಲ್ಲೇ ನಿಲ್ಲುತ್ತಾರೆ. ಉತ್ತರಕ್ಕೆ ಮೊದಲು ಊರು ಬರುತ್ತದೆ.

ಅವರ ಬಡಾವಣೆಯ ಸಮಿತಿಗೆ ಹದಿನಾಲ್ಕು ವರ್ಷದಿಂದ ಒಬ್ಬರೇ ಅಧ್ಯಕ್ಷರು. ಆರಿಸಿದ್ದು ಯಾರೆಂದು ಅವರಿಗೂ ನೆನಪಿರಲಿಲ್ಲ. ಒಂದು ಸಭೆಯಲ್ಲಿ ಮಾಮು ಎದ್ದು ಚುನಾವಣೆ ಆಗಲೇಬೇಕೆಂದರು. ಅಧ್ಯಕ್ಷರು ನೀರಿನ ಟ್ಯಾಂಕಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಜೈಲಿನಿಂದ ಬಿಡುಗಡೆಯಾದವರಂತೆ ಮನೆಗೆ ನಡೆದರು. ಸ್ಪರ್ಧಿಸಲು ಒಂದು ನರಪಿಳ್ಳೆಯೂ ಬರಲಿಲ್ಲ. ಕೊನೆಗೆ ಜನ ಮಾಮುವಿನ ಹೆಸರನ್ನೇ ಬರೆದುಕೊಂಡರು. ಅವಿರೋಧ ಆಯ್ಕೆ!

ಬೇರೆಯವರಾದರೆ ಹಾರ ಹಾಕಿಸಿಕೊಳ್ಳುತ್ತಿದ್ದರು. ಮಾಮು ಊಟ ಬಿಟ್ಟರು. "ವಿರೋಧ ಇಲ್ಲ ಅಂದ್ರೆ ಒಪ್ಪಿಗೆ ಐತೆ ಅಂತ ಹೆಂಗೆ ತಿಳ್ಕಳ್ಳಾದು?" ಎನ್ನುತ್ತಾ ಮರುದಿನ ನೋಟ್‌ಬುಕ್ ಹಿಡಿದು ಮನೆಮನೆಗೆ ಹೊರಟರು. ನನ್ನನ್ನೂ ಎಳೆದುಕೊಂಡು ಹೋದರು.

ಮೊದಲ ಮನೆಯ ಮೇಷ್ಟ್ರು, "ನಲ್ಲೀಲಿ ನೀರು ಬರ್ತೈತಾ?" ಎಂದರು.

"ಬರ್ತೈತೆ. ನನ್ನ ಒಪ್ತೀರಾ?"

"ನೀರು ಬಂದ್ರೆ ಯಾರಾದ್ರೇನ್ರೀ."

ಪಕ್ಕದ ಮನೆಯಾಕೆ, ಒಪ್ಪಿದರೆ ಏನು ಸಿಗುತ್ತದೆಂದು ವಿಚಾರಿಸಿದರು. ಆಚೆ ಮನೆಯ ಯುವಕ ಮೊಬೈಲಿನಿಂದ ತಲೆ ಎತ್ತದೆ, "ಎಲ್ಲಿ ಒತ್ತಬೇಕು ಹೇಳ್ರಿ" ಎಂದ. ಹಳೆಯ ಅಧ್ಯಕ್ಷರೊಬ್ಬರೇ ಉತ್ಸಾಹದಿಂದ ಎರಡೆರಡು ಸಹಿ ಹಾಕಿದರು, ಆ ಕೆಲಸ ತಮಗೆ ವಾಪಸ್ ಬರದಿರಲಿ ಎಂದು.

ಸಂಜೆ ಮಾಮು ಮುಖ ಸಣ್ಣದು ಮಾಡಿಕೊಂಡು ಹಿಂತಿರುಗಿದರು. "ಎಲ್ಲರೂ ಹೂಂ ಅಂದ್ರು. ಒಬ್ಬರೂ ಒಪ್ಪಲಿಲ್ಲ" ಎಂದರು.

ಬಾಗಿಲಲ್ಲಿ ನಿಂತಿದ್ದ ಮಾಮಿ ಮೆಲ್ಲಗೆ, "ಈ ಮನೆ ಬಿಟ್ಟು ಹೋಯ್ತಲ್ರೀ" ಎಂದರು.

"ಇದು ನಮ್ಮನೇನೇ ಅಲ್ವಾ?"

"ಅದಕ್ಕೇ ಯಾವತ್ತೂ ಕೇಳಿಲ್ಲ. ಅಂಗಡಿ ಇಡುವಾಗ ಕೇಳಿಲ್ಲ. ನನ್ನ ತವರಿನ ಊರು ಬಿಟ್ಟು ಇಲ್ಲಿಗೆ ಬರುವಾಗ್ಲೂ ಕೇಳಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಮದುವೆಯಾದ ಮೂವತ್ತೆಂಟು ವರ್ಷವೂ ಕಂಡಕಂಡವರನ್ನೆಲ್ಲ ಪ್ರಶ್ನೆ ಕೇಳಿದ ಮಾಮು ಚಪ್ಪಲಿ ಬಿಟ್ಟು, ಮೆಟ್ಟಿಲ ಕೆಳಗೇ ನಿಂತು, "ನೀನು ಒಪ್ತೀಯಾ?" ಎಂದರು.

ಮಾಮಿ ಅವರನ್ನೇ ನೋಡುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಒಳಗೆ ಬರ್ರಿ. ಕುಂತ್ಕಂಡು ಕೇಳ್ರಿ. ಹೇಳಾಕೆ ಬಾಳ ಐತೆ."

ಮಾಮು ಒಳಗೆ ಹೋಗಿ ಕುಳಿತರು. ನಾನು ಬಾಗಿಲು ಮುಂದಕ್ಕೆಳೆದು ಹೊರಟೆ.