ಮುನವಳ್ಳಿಯ ಸರ್ವರ್, ಬೈಲಹೊಂಗಲದ ಡೆಸ್ಕ್‌ಟಾಪ್

ಮನುಷ್ಯನಿಗೆ ಮಾತಾಡಲು ಒಂದು ವಿಷಯ ಬೇಕು. ಮಳೆ, ಮಂಡಿನೋವು, ಮಗಳ ಪರೀಕ್ಷೆ, ಏನಾದರೂ ಆದೀತು. ನನ್ನ ದುರದೃಷ್ಟಕ್ಕೆ ನನಗಿರುವ ಒಂದೇ ವಿಷಯ ಪ್ರೊಸೆಸರ್, ಅಂದರೆ ಕಂಪ್ಯೂಟರಿನೊಳಗೆ ಕೂತು ಎಲ್ಲ ಕೆಲಸ ಮಾಡುವ ಚಿಪ್. ಬೈಲಹೊಂಗಲದಲ್ಲಿ ನಾನು ಈ ಮಾತೆತ್ತಿದರೆ ಎದುರಿನವರಿಗೆ ತಟ್ಟನೆ ಬಸ್ಸಿನ ಹೊತ್ತು ನೆನಪಾಗುತ್ತದೆ. ಪೂರ್ತಿ ಕೇಳಿದವರೆಂದರೆ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ತೆಗೆಸಿಕೊಂಡು ಎದ್ದು ಹೋಗಲಾರದೆ ಕೂತಿದ್ದ ಒಬ್ಬರು ಮಾತ್ರ.

ನನ್ನ ಕಸುಬು ಮದುವೆಯ ವಿಡಿಯೊ ಎಡಿಟ್ ಮಾಡುವುದು. ಬೇರೆಯವರು ಶೂಟ್ ಮಾಡಿ ತಂದದ್ದನ್ನು ಒಂದು ಕೋಣೆಯಲ್ಲಿ ಕೂತು ಕತ್ತರಿಸಿ ಜೋಡಿಸುತ್ತೇನೆ. ಐವತ್ತಕ್ಕೆ ಒಂದು ವರ್ಷ ಕಡಿಮೆ; ಮದುವೆಯಾಗಿಲ್ಲ. ಸುತ್ತಲಿನ ಊರುಗಳ ಅರ್ಧ ಜನರ ಮುಖ ನನಗೆ ಗೊತ್ತು. ಅವರಿಗೆ ನನ್ನ ಮುಖ ಗೊತ್ತಿಲ್ಲ. ಒಮ್ಮೆ ದೊಡವಾಡದ ಬಸ್ಸಿನಲ್ಲಿ ಒಬ್ಬ ಅಜ್ಜಿ ಪಕ್ಕದಲ್ಲಿ ಕೂತರು. ಮೊಮ್ಮಗಳನ್ನು ಕಳಿಸಿಕೊಡುವಾಗ ಅವರು ಅತ್ತದ್ದನ್ನು ನಾನು ಹಿಂದಿನ ವಾರವಷ್ಟೇ ಆರು ಸಲ ನೋಡಿದ್ದೆ. ತಡೆಯಲಾಗದೆ ಮೊಮ್ಮಗಳು ಹೇಗಿದ್ದಾಳೆಂದು ಕೇಳಿಬಿಟ್ಟೆ. ಅಜ್ಜಿ ಕೈಚೀಲವನ್ನು ಎದೆಗೆ ಅವಚಿಕೊಂಡು, "ನೀ ಯಾರಪಾ?" ಎಂದರು. ನಾನು ಮುಂದಿನ ಸ್ಟಾಪಿನಲ್ಲಿ ಇಳಿದೆ. ಅದು ನನ್ನ ಸ್ಟಾಪಾಗಿರಲಿಲ್ಲ.

ಹೀಗಿರುವಾಗ ಮುನವಳ್ಳಿಯಿಂದ ಮಿಲಿಂದ ಕಾಂಬಳೆ ಎಂಬವರ ಫೋನು ಬಂತು. ಅಲ್ಲಿನ ಒಂದು ಬೀಜದ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಅವರದು. ಸರ್ವರ್ ಅಂದರೆ ಕಂಪನಿಯ ಎಲ್ಲ ಕಂಪ್ಯೂಟರುಗಳ ಪರವಾಗಿ ದುಡಿಯುವ ದೊಡ್ಡ ಯಂತ್ರ. ತಂಗಿಯ ಮದುವೆಯ ವಿಡಿಯೊ ಯಾಕೆ ತಡವೆಂದು ಬೈಯಲು ಫೋನು ಮಾಡಿದ್ದರು. ನನ್ನ ಡೆಸ್ಕ್‌ಟಾಪ್, ಅಂದರೆ ಮೇಜಿನ ಮೇಲಿನ ಕಂಪ್ಯೂಟರು, ನಿಧಾನವಾಗಿದೆ ಎಂದೆ. ಆ ಕಡೆಯಿಂದ, "ಯಾವ ಪ್ರೊಸೆಸರ್ ಐತ್ರಿ?" ಎಂಬ ಪ್ರಶ್ನೆ ಬಂತು. ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕುರ್ಚಿಯಿಂದ ಎದ್ದು ನಿಂತು ಉತ್ತರ ಕೊಟ್ಟೆ.

ಅಂದಿನಿಂದ ದಿನಾ ನಾಲ್ಕು ಗಂಟೆಗೆ ಅವರ ಫೋನು. ಸರ್ವರಿನ ಪ್ರೊಸೆಸರಿನ ಮುಂದೆ ಡೆಸ್ಕ್‌ಟಾಪಿನದು ಆಟದ ಸಾಮಾನು ಎಂದು ಅವರು. ವೇಗದಲ್ಲಿ ಡೆಸ್ಕ್‌ಟಾಪೇ ಮುಂದು ಎಂದು ನಾನು. ನಾನು ಮೂರೂಮುಕ್ಕಾಲಿಗೇ ಚಹಾ ಮಾಡಿಕೊಂಡು ಕಾಯುತ್ತಿದ್ದೆ. ನಾಲ್ಕು ತಿಂಗಳು ಜಗಳ ಚೆನ್ನಾಗಿ ನಡೆಯಿತು. ಕೊನೆಗೆ, ಬಾಯಿಮಾತು ಸಾಕು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಎಂಬ ಸಲಹೆ ಕೊಟ್ಟವನು, ದಯವಿಟ್ಟು ಗಮನಿಸಿ, ನಾನೇ.

ಒಂದು ರವಿವಾರ ಯಂತ್ರವನ್ನು ಚಾದರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಮುನವಳ್ಳಿ ಬಸ್ಸು ಹತ್ತಿದೆ. ಕಂಪನಿಯಿಂದ ತೆಗೆದುಹಾಕಿದ್ದ ಒಂದು ಹಳೆಯ ಸರ್ವರ್ ಮಿಲಿಂದರ ಮನೆಯಲ್ಲಿತ್ತು. ಅದನ್ನು ಚಾಲೂ ಮಾಡಿದಾಗ ಫ್ಯಾನುಗಳ ಸದ್ದಿಗೆ ಅವರ ತಾಯಿ, ಗಿರಣಿ ಇಲ್ಲಿಗೇ ಬಂತೇ ಎಂದು ಒಳಗಿನಿಂದ ಬಂದು ನೋಡಿದರು. ಮೊದಲು ಎರಡಕ್ಕೂ ಒಂದೇ ಒಂದು ಸಣ್ಣ ವಿಡಿಯೊ ಕೊಟ್ಟೆವು. ನನ್ನ ಡೆಸ್ಕ್‌ಟಾಪ್ ಆರಾಮಾಗಿ ಗೆದ್ದಿತು. ಆಮೇಲೆ ಇಪ್ಪತ್ತು ವಿಡಿಯೊಗಳನ್ನು ಒಟ್ಟಿಗೇ ಕೊಟ್ಟೆವು. ನನ್ನದು ಏದುಸಿರು ಬಿಡುತ್ತಿರುವಾಗಲೇ ಸರ್ವರ್ ಎಲ್ಲ ಮುಗಿಸಿ ಸುಮ್ಮನಾಗಿತ್ತು. ಸಂಗತಿ ಸರಳ: ಡೆಸ್ಕ್‌ಟಾಪಿಗೆ ಕೈಗಳು ಕಡಿಮೆ, ಒಂದೊಂದೂ ಚುರುಕು; ಸರ್ವರಿಗೆ ಕೈಗಳು ಬಹಳ, ಒಂದೊಂದೂ ನಿಧಾನ. ಇಬ್ಬರ ಮಾತೂ ಖರೆ ಎಂದು ಕೈಕುಲುಕಿದೆವು. ತಾಯಿ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಊಟದ ಹೊತ್ತಿನಲ್ಲಿ ಅವರು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದರು. ನಾನು ಯಂತ್ರದ ಬಿಸಿಯ ಬಗ್ಗೆ ಏನೋ ಹೇಳಿದೆ.

ಸೋಮವಾರ ನಾಲ್ಕಕ್ಕೆ ಫೋನು ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಚಹಾ ಆರಿ ಕೆನೆಗಟ್ಟಿತು. ಆಗ ಹೊಳೆಯಿತು: ಜಗಳ ಬಗೆಹರಿದ ಮೇಲೆ ಅವರು ಯಾಕೆ ಫೋನು ಮಾಡಬೇಕು? ಇದ್ದ ಒಂದೇ ಜಗಳವನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ನಾನೇ ಮುಗಿಸಿ ಬಂದಿದ್ದೆ.

ಶುಕ್ರವಾರ ಧೈರ್ಯ ಮಾಡಿ ಫೋನು ಹಚ್ಚಿ, ನಮ್ಮ ಪರೀಕ್ಷೆಯಲ್ಲೇ ದೋಷವಿದೆ ಎಂದೆ. ನನ್ನ ಯಂತ್ರ ಕಿಟಕಿಯ ಬಿಸಿಲಿಗೆ ಕಾದು ನಿಧಾನವಾಗಿತ್ತು, ಅವರದು ನೆರಳಲ್ಲಿತ್ತು, ಎಲ್ಲ ಮತ್ತೆ ಮಾಡಬೇಕು ಎಂದೆ. ಶುದ್ಧ ಸುಳ್ಳು, ಎರಡೂ ಒಂದೇ ಮೇಜಿನ ಮೇಲಿದ್ದವು.  ಮಿಲಿಂದ, ಅವ್ವನಿಗೆ ಜ್ವರ ಬಂದಿತ್ತು, ವಾರವೆಲ್ಲ ದವಾಖಾನೆಗೆ ಅಡ್ಡಾಡಿದ್ದಾಯಿತು, ಈಗ ಆರಾಮಿದ್ದಾಳೆ ಎಂದರು. ಮನೆಯಲ್ಲಿ ಎಲ್ಲರೂ ಹೇಗಿದ್ದಾರೆಂದು ನಾನು ಕೇಳಿಯೇ ಇರಲಿಲ್ಲ. ಆಮೇಲೆ ಅವರೇ, "ಪ್ರೊಸೆಸರ್ ಇರಲಿ ಬಿಡ್ರಿ ಸರ. ಮಧ್ಯಾಹ್ನ ಏನ್ ಉಂಡ್ರಿ?" ಎಂದರು.

ಉಂಡದ್ದು ಅರ್ಧ ಪಾಕೀಟು ಬಿಸ್ಕೀಟು. ಹಾಗೆ ಹೇಳಲು ನಾಲಿಗೆ ಬರಲಿಲ್ಲ. ಪರದೆಯ ಮೇಲೆ ಯಾರದೋ ಮದುವೆಯ ಊಟದ ಪಂಕ್ತಿ ನಡೆದಿತ್ತು. ಎಲೆಯ ಮೇಲಿದ್ದದ್ದನ್ನು ನೋಡಿಕೊಂಡು ಒಪ್ಪಿಸಿದೆ: ಗೋಧಿ ಹುಗ್ಗಿ, ತುಪ್ಪ, ಬದನೆಕಾಯಿ ಪಲ್ಯ, ಮಿರ್ಚಿ ಭಜಿ, ಅನ್ನ, ಸಾರು.

"ಒಬ್ಬರಿಗೇ ಇಷ್ಟೆಲ್ಲಾ ಮಾಡ್ಕೊಂಡ್ರೇನ್ರಿ?"

ನಾನು ವಿಡಿಯೊ ನಿಲ್ಲಿಸಿದೆ. ಅವರು ನಗಲಿಲ್ಲ.

"ರವಿವಾರ ಊಟಕ್ಕ ಬರ್ರಿ. ಅವ್ವ ನಿಮ್ಮನ್ನ ಕೇಳಾಕತ್ತಾಳ. ಮಶೀನ್ ತರಬ್ಯಾಡ್ರಿ."

ಬರುತ್ತೇನೆಂದು ಹೇಳಿದ್ದೇನೆ. ಇಂದು ಶನಿವಾರ. ಬೆಳಗಿನಿಂದ ಕೂತು, ಒಬ್ಬ ತಾಯಿಯ ಮುಂದೆ ಆಡಬಹುದಾದ ಮಾತುಗಳ ಪಟ್ಟಿ ಮಾಡುತ್ತಿದ್ದೇನೆ. ಇದುವರೆಗೆ ಎರಡು ಸಿಕ್ಕಿವೆ. ಎರಡನೆಯದು ಅವರ ಮನೆಯ ಕರೆಂಟಿನ ವೋಲ್ಟೇಜಿನ ಬಗ್ಗೆ.