ಸೂಜಿಗೆ ಕೊಟ್ಟ ಮುಂದಿನ ತಾರೀಖು

ಯಾರಾದರೂ ಏನಾದರೂ ಕೇಳಿದರೆ 'ಗೊತ್ತಿಲ್ಲ' ಎನ್ನುವ ಧೈರ್ಯವನ್ನು ದೇವರು ನನಗೆ ಕೊಡಲಿಲ್ಲ. ಬನಹಟ್ಟಿಯಿಂದ ಜಮಖಂಡಿಯ ಕೋರ್ಟಿಗೆ ಇಪ್ಪತ್ತೆರಡು ವರ್ಷಗಳಿಂದ ಬಸ್ಸಿನಲ್ಲಿ ಓಡಾಡುತ್ತಿರುವ ಗುಮಾಸ್ತ ನಾನು. ಕೆಲಸವೆಂದರೆ ಕಡತ ಬಿಚ್ಚುವುದು, ಕಟ್ಟುವುದು. ಆದರೆ ನಮ್ಮ ನೇಕಾರರ ಓಣಿಯಲ್ಲಿ ನಾನು 'ಕೋರ್ಟಿನ ಕಾಕಾ'. ಮಗ್ಗದ ಮೋಟಾರಿನಿಂದ ಹಿಡಿದು ಮೊಣಕಾಲು ನೋವಿನವರೆಗೆ ಎಲ್ಲಕ್ಕೂ ನನ್ನ ಅಭಿಪ್ರಾಯ ಕೇಳುತ್ತಾರೆ. ಕೇಳದಿದ್ದರೂ ನಾನು ಬಿಡುವವನಲ್ಲ. "ಕೋರ್ಟಿನ್ಯಾಗ ಕಡತಾ ಹೊರ್ತೀರಿ, ತೀರ್ಪು ಮಾತ್ರ ಓಣ್ಯಾಗ ಕೊಡ್ತೀರಿ" ಎಂದು ಹೆಂಡತಿ ಹಂಗಿಸುವುದುಂಟು.

ಲಸಿಕೆಯ ಚರ್ಚೆ ಕೊರೊನಾ ಕಾಲದಲ್ಲಿ ನಮ್ಮ ಬಸ್ಸು ಹತ್ತಿದ್ದು ಇನ್ನೂ ಇಳಿದಿಲ್ಲ. ಕಿಟಕಿ ಪಕ್ಕದ ಮಾಸ್ತರರು ಲಸಿಕೆಯ ಪರ. ಮಹಾಲಿಂಗಪುರದ ಬೆಲ್ಲದ ದಲ್ಲಾಳಿ ಅದರ ವಿರುದ್ಧ. ಅವರು ತಮ್ಮ ಮೊಬೈಲಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ನಾನು ಇಬ್ಬರಿಗೂ ತಲೆಯಾಡಿಸಿ, "ಎರಡೂ ಕಡಿ ವಿಚಾರ ಮಾಡಬೇಕ್ರಿ" ಎನ್ನುತ್ತಿದ್ದೆ. ಈ ಮಾತಿಗೆ ಓದು ಬೇಕಿಲ್ಲ, ಮರ್ಯಾದೆ ಮಾತ್ರ ಬಹಳ ಸಿಗುತ್ತದೆ.

ಹೋದ ವರ್ಷ ಎದುರುಮನೆಯ ಸವಿತಾ ಒಂಬತ್ತು ತಿಂಗಳ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಗಂಡ ಮಗ್ಗ ನಡೆಸಿದರೆ, ಅದಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುವುದು ಅವಳ ಕೆಲಸ.

"ಕಾಕಾರ, ನಾಳೆ ಕೂಸಿಗೆ ದಡಾರದ ಸೂಜಿ ಹಾಕಸ್ಬೇಕಂತ ಆಶಾ ಅಕ್ಕಾರು ಹೇಳ್ಯಾರ್ರಿ. ಜ್ವರಾ ಬರ್ತಾವಂತಲ್ರಿ? ಮದವಿ ಸೀರಿ ಆರ್ಡರ್ ಐತಿ, ಕೂಸು ಅಳಾಕತ್ರ ಕಂಡಿಕಿ ಸುತ್ತಾವ್ರ ಯಾರು? ಹಾಕ್ಸಲ್ಯೋ, ಬ್ಯಾಡೋ?"

'ಹಾಕಿಸವಾ' ಎಂಬ ಒಂದೇ ಮಾತು ಸಾಕಿತ್ತು. ನನ್ನ ಸ್ವಂತ ಮೊಮ್ಮಗನಿಗೆ ಅದೇ ಸೂಜಿಯನ್ನು ಹೇಳಿದ ದಿನವೇ ಹಾಕಿಸಿ, ಕಾರ್ಡಿಗೆ ಪ್ಲಾಸ್ಟಿಕ್ ಕವರು ಹೊದಿಸಿಟ್ಟವನು ನಾನು. ಆದರೆ ಒಂದೇ ಮಾತಿನಲ್ಲಿ ಮುಗಿಸಿದರೆ ಕೋರ್ಟಿನ ಕಾಕಾನ ಗತ್ತು ಏನು ಉಳಿಯಿತು? ಬಸ್ಸಿನ ಎರಡೂ ಕಡೆಯ ವಾದವನ್ನು ಅವಳ ಮುಂದೆ ಮಂಡಿಸಿ, ಕೊನೆಗೆ ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷ ಕಿವಿಯ ಮೇಲೆ ಬಿದ್ದದ್ದನ್ನೇ ಹೇಳಿಬಿಟ್ಟೆ: "ಗಡಿಬಿಡಿ ಏನೈತಿ? ಮುಂದಿನ ತಿಂಗಳಕ ಇಡೂಣಂತ."

ಕೋರ್ಟಿನಲ್ಲಿ ತಾರೀಖು ಮುಂದೆ ಹೋದರೆ ಕಕ್ಷಿದಾರರು ಕಾಯುತ್ತಾರೆ. ದಡಾರ ಕಾಯಲಿಲ್ಲ. ಇಪ್ಪತ್ತು ದಿನದೊಳಗೆ ಕೂಸಿನ ಮೈತುಂಬ ಕೆಂಪು ಗುಳ್ಳೆ ಎದ್ದವು, ಕೆಮ್ಮು ಎದೆಗಿಳಿದು ಉಸಿರಾಡುವುದೇ ಕಷ್ಟವಾಯಿತು. ಜಮಖಂಡಿಯ ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡರು. ನಾನು ದಿನಾಲೂ ಕೋರ್ಟು ಮುಗಿಸಿ ಅಲ್ಲಿಗೆ ಹೋಗಿ ವಾರ್ಡಿನ ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಒಳಗೆ ಹೋಗದೆ ಹಾಗೇ ಊರಿನ ಬಸ್ಸು ಹಿಡಿಯುತ್ತಿದ್ದೆ. ಏಳನೆಯ ದಿನ ಕೂಸು ಉಳಿದು ಮನೆಗೆ ಬಂದಿತು. ಅದು ಅದರ ಪುಣ್ಯ, ನನ್ನದಲ್ಲ.

ಮರುವಾರ ಆಶಾ ಕಾರ್ಯಕರ್ತೆ ಬಂದು, ನಾನು ನಮ್ಮ ಕಟ್ಟೆಯ ಮೇಲೆ ಕೂತಿರುವಂತೆಯೇ ಸವಿತಾಳನ್ನು ತರಾಟೆಗೆ ತೆಗೆದುಕೊಂಡಳು. "ಸೂಜಿ ಬ್ಯಾಡಂತ ನಿನಗ ಯಾರು ಹೇಳಿದ್ರಬೇ?"

ಸವಿತಾ ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಯಾರೂ ಹೇಳಿಲ್ರಿ ಅಕ್ಕಾರ. ನಂದ ತಪ್ಪು. ಕೆಲಸದ ಗದ್ದಲದಾಗ ಮರತೆ."

ಆಗ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ ಕೂಡ. ಆಶಾ ಕಾರ್ಯಕರ್ತೆ ನನ್ನ ಕಡೆ ತಿರುಗಿ, "ಕಾಕಾರ, ನೀವು ಕಲ್ತಾವ್ರು, ಈಕಿಗೆ ನೀವರ ಒಂದೀಟು ತಿಳಿಸಿ ಹೇಳ್ರಿ" ಎಂದಾಗ, ಲಸಿಕೆ ಏಕೆ ಬೇಕು, ತಡಮಾಡಿದರೆ ಏನಾಗುತ್ತದೆ, ಒಂದು ದಿನದ ಜ್ವರಕ್ಕೂ ಆರು ದಿನದ ಆಸ್ಪತ್ರೆಗೂ ಅಂತರವೆಷ್ಟು ಎಂದು ಕಾಲು ಗಂಟೆ ಹೇಳಿದೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಸವಿತಾ ತಲೆ ತಗ್ಗಿಸಿ "ಹೂನ್ರಿ ಕಾಕಾರ, ಹೂನ್ರಿ" ಎನ್ನುತ್ತಲೇ ಇದ್ದಳು. ಮುಗಿದ ಮೇಲೆ ತನ್ನ ಮನೆಯೊಳಗೆ ಹೋಗಿ ಚಹಾ ಮಾಡಿ ತಂದಳು. "ಮಾತಾಡಿ ಗಂಟಲಾ ಒಣಗಿರಬೇಕು, ತಗೋರ್ರಿ."

ನಾಚಿಕೆಯಿಂದ ನೆಲ ಬಿರಿದು ನುಂಗಬಾರದೇ ಎನಿಸಿತು. ಆದರೂ ಕುಡಿದೆ. ಕುಡಿದು, ಸಕ್ಕರೆ ತುಸು ಕಡಿಮೆಯಾಗಿದೆ ಎಂದೂ ಹೇಳಿದೆ.